4ಕೆ ಮಾನಿಟರ್: ಎಚ್‌ಡಿಎಂಐನಲ್ಲಿ 30 ಹರ್ಟ್ಸ್ ಮಾತ್ರ, ಹಬ್ ಹಾಕಿದ್ರೆ ಆಗಾಗ ಕಪ್ಪು, ಒಂದು ಟೈಪ್-ಸಿ ಪೋರ್ಟ್‌ನಲ್ಲಿ ಚಿತ್ರವೇ ಇಲ್ಲ

ಕಪ್ಪುತೆರೆ (ಪ್ರಶ್ನೆ):

ಲ್ಯಾಪ್‌ಟಾಪ್‌ನಲ್ಲಿ ವಿಂಡೋಸ್ 11, ಇಂಟೆಲ್ ಗ್ರಾಫಿಕ್ಸ್ ಮಾತ್ರ, ಬೇರೆ ಕಾರ್ಡ್ ಇಲ್ಲ. ಒಂದು ಎಚ್‌ಡಿಎಂಐ, ಎಡಗಡೆ ಒಂದು ಟೈಪ್-ಸಿ, ಬಲಗಡೆ ಒಂದು ಟೈಪ್-ಸಿ. ಚಾರ್ಜರ್ ಬೇರೆ, ದುಂಡು ಪಿನ್ನಿನದು. ಮಾನಿಟರ್ 27 ಇಂಚು, 3840×2160, 60 ಹರ್ಟ್ಸ್. ಅದರ ಬೆನ್ನಿಗೆ ಎರಡು ಎಚ್‌ಡಿಎಂಐ, ಒಂದು ಡಿಸ್‌ಪ್ಲೇ ಪೋರ್ಟ್. ಕೇಬಲ್ 3 ಮೀಟರ್ ಉದ್ದದ ಹಳೇ ಎಚ್‌ಡಿಎಂಐ, ಮೇಲೆ "ಹೈ ಸ್ಪೀಡ್" ಅಂತ ಅಚ್ಚಾಗಿದೆ.

ತೊಂದರೆಗಳು ಹೀಗಿವೆ:

1. ನೇರ ಎಚ್‌ಡಿಎಂಐ ಹಾಕಿದರೆ ಚಿತ್ರ ಬರುತ್ತೆ, ಆದರೆ 4ಕೆಯಲ್ಲಿ 30 ಹರ್ಟ್ಸ್ ಬಿಟ್ಟು ಬೇರೆ ಆಯ್ಕೆ ಇಲ್ಲ. ಮೌಸ್ ಬಾಣ ತಡವರಿಸುತ್ತೆ.
2. ಎಡಗಡೆ ಟೈಪ್-ಸಿಗೆ ಹಬ್ ಹಾಕಿ, ಹಬ್‌ನಿಂದ ಅದೇ ಎಚ್‌ಡಿಎಂಐ ಕೇಬಲ್ ಎಳೆದರೆ 60 ಸಿಗುತ್ತೆ. ಆದರೆ ಐದು ಹತ್ತು ನಿಮಿಷಕ್ಕೊಮ್ಮೆ ತೆರೆ ಎರಡು ಮೂರು ಸೆಕೆಂಡ್ ಕಪ್ಪಾಗಿ ಮತ್ತೆ ಬರುತ್ತೆ.
3. ಅದೇ ಹಬ್ಬನ್ನ ಬಲಗಡೆ ಪೋರ್ಟಿಗೆ ಹಾಕಿದರೆ ಮೌಸ್, ಪೆನ್‌ಡ್ರೈವ್ ನಡೆಯುತ್ತವೆ, ಚಿತ್ರ ಮಾತ್ರ ಇಲ್ಲ.
4. ಸ್ಲೀಪ್‌ನಿಂದ ಎಬ್ಬಿಸಿದರೆ ಕೆಲವು ಸಲ ಮಾನಿಟರ್ "ನೋ ಸಿಗ್ನಲ್" ಅಂತ ತೋರಿಸಿ ಮಲಗಿಬಿಡುತ್ತೆ.

ಗ್ರಾಫಿಕ್ಸ್ ಡ್ರೈವರ್ ಹೊಸದು ಹಾಕಿ ಆಗಿದೆ, ವಿಂಡೋಸ್ ಕೀ + ಪಿ ಒತ್ತಿ ಎಕ್ಸ್‌ಟೆಂಡ್, ಡೂಪ್ಲಿಕೇಟ್ ಎರಡೂ ನೋಡಿ ಆಗಿದೆ. ಎಲ್ಲಿಂದ ಶುರು ಮಾಡಲಿ?

ಬೈಟ್‌ಬೇಟೆ:

ಕೇಬಲ್ ಬದಲಾಯಿಸಿ ಗುರು, ಹಳೇ ಕೇಬಲ್‌ಗೆ 60 ಹರ್ಟ್ಸ್ ತಡೆಯೋ ಶಕ್ತಿ ಇರಲ್ಲ. ಒಂದನೇದೂ ಎರಡನೇದೂ ಒಟ್ಟಿಗೇ ಸರಿಹೋಗುತ್ತೆ.

ಪಿನ್19:

ಎರಡನೇದಕ್ಕೆ ಕೇಬಲ್ ಕಾರಣ ಇರಬಹುದು. ಒಂದನೇದಕ್ಕೆ ಖಂಡಿತ ಅಲ್ಲ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಎಳೆದ ಹಾಗಾಗುತ್ತೆ.

ಎಚ್‌ಡಿಎಂಐ 1.4, 2.0ಗಳಲ್ಲಿ ಕಳಿಸುವ ಕಡೆಯವರು ಕೇಬಲ್‌ನ ಗುಣ ಅಳೆಯುವುದೇ ಇಲ್ಲ. ಮಾನಿಟರ್ ತನ್ನ ಇಡಿಐಡಿ ಪಟ್ಟಿಯನ್ನ (ತನಗೆ ಯಾವ ರೆಸಲ್ಯೂಶನ್, ಎಷ್ಟು ಹರ್ಟ್ಸ್ ಆಗುತ್ತೆ ಅನ್ನುವ ವಿವರ) 15, 16ನೇ ಪಿನ್‌ಗಳ ಮೂಲಕ ಒಪ್ಪಿಸುತ್ತೆ, ಲ್ಯಾಪ್‌ಟಾಪ್ ಅದರಲ್ಲಿ ತನ್ನ ಕೈಲಾಗುವುದನ್ನ ಮಾತ್ರ ಮೆನುವಿಗೆ ಹಾಕುತ್ತೆ. ಕೇಬಲ್ ಸೋತರೆ ಆಯ್ಕೆ ಕಾಣೆಯಾಗಲ್ಲ. ಆಯ್ಕೆ ಇರುತ್ತೆ, ಒತ್ತಿದ ಮೇಲೆ ಚುಕ್ಕಿ ಮಿಣುಕುತ್ತೆ, ಕಪ್ಪಾಗುತ್ತೆ ಅಥವಾ ಚಿತ್ರವೇ ಬರಲ್ಲ. ಆಯ್ಕೆಯೇ ಇಲ್ಲ ಅಂದರೆ ಎರಡು ತುದಿಯಲ್ಲಿ ಒಂದು ಒಪ್ಪುತ್ತಿಲ್ಲ ಅಂತ ಅರ್ಥ.

ಲೆಕ್ಕ ನೋಡಿ. 4ಕೆ 30 ಹರ್ಟ್ಸ್‌ಗೆ ಪಿಕ್ಸೆಲ್ ಗಡಿಯಾರ (ಚಿತ್ರದ ಚುಕ್ಕಿಗಳನ್ನ ಕಳಿಸುವ ವೇಗ) 297 ಮೆಗಾಹರ್ಟ್ಸ್, 60ಕ್ಕೆ 594. ಎಚ್‌ಡಿಎಂಐ 1.4ರ ಮಿತಿ 340, 2.0ರದು 600. ಅಂದರೆ 30ಕ್ಕೇ ನಿಲ್ಲುವುದು 1.4ರ ಪಕ್ಕಾ ಗುರುತು. ಅದು ಲ್ಯಾಪ್‌ಟಾಪ್ ಕಡೆಯದೋ ಮಾನಿಟರ್ ಕಡೆಯದೋ ಅನ್ನುವುದಷ್ಟೇ ಪ್ರಶ್ನೆ. ಹೀಗೆ ಬೇರ್ಪಡಿಸಿ:

- ಮಾನಿಟರಿನ ಇನ್ನೊಂದು ಎಚ್‌ಡಿಎಂಐಗೆ ಹಾಕಿ ನೋಡಿ. ಎರಡು ಪೋರ್ಟಿದ್ದರೆ ಎರಡೂ ಒಂದೇ ದರ್ಜೆಯವು ಆಗಿರಬೇಕಂತಿಲ್ಲ.
- ಮಾನಿಟರಿನ ಮೆನುವಿನಲ್ಲಿ ಎಚ್‌ಡಿಎಂಐ ಆವೃತ್ತಿಯ ಆಯ್ಕೆ ಇದೆಯಾ ಹುಡುಕಿ. ಕೆಲವದರಲ್ಲಿ ಕಾರ್ಖಾನೆಯಿಂದಲೇ 1.4ಕ್ಕೆ ಇಟ್ಟಿರುತ್ತಾರೆ.
- ರೆಸಲ್ಯೂಶನ್ 2560×1440ಕ್ಕೆ ಇಳಿಸಿ. ಅದಕ್ಕೆ ಸುಮಾರು 242 ಮೆಗಾಹರ್ಟ್ಸ್ ಸಾಕು, ಹಾಗಾಗಿ 1.4 ಪೋರ್ಟಿನಲ್ಲೂ 60 ಕಾಣಿಸಬೇಕು. ಕಾಣಿಸಿದರೆ ಅಡ್ಡಿ ಆಗಿರುವುದು ಮಿತಿ, ಪೋರ್ಟ್ ಕೆಟ್ಟಿಲ್ಲ.

ಹಬ್‌ನಿಂದ ಅದೇ ಎಚ್‌ಡಿಎಂಐ ಪೋರ್ಟಿಗೆ ಬಂದಾಗ 60 ಸಿಗುತ್ತಿದ್ದರೆ ಮಾನಿಟರ್ ಕಡೆ ನಿರಪರಾಧಿ. ಆಗ ಲ್ಯಾಪ್‌ಟಾಪ್‌ನ ಪೋರ್ಟೇ 1.4. ಅದಕ್ಕೆ ಡ್ರೈವರ್‌ನಲ್ಲಿ ಮದ್ದಿಲ್ಲ.

ಎರಡನೇದು. ಹಬ್‌ನೊಳಗೆ ಡಿಸ್‌ಪ್ಲೇ ಪೋರ್ಟ್ ಸಂಕೇತವನ್ನ ಎಚ್‌ಡಿಎಂಐ ಮಾಡುವ ಚಿಪ್ ಇರುತ್ತೆ. ನಿಮಗೆ 60 ಸಿಕ್ಕಿದೆ ಅಂದರೆ ಅದು 594 ಮೆಗಾಹರ್ಟ್ಸ್ ಹೊರಡಿಸುತ್ತಿದೆ. ನಿಮ್ಮ ಕೇಬಲ್ ಮೇಲಿರುವ "ಹೈ ಸ್ಪೀಡ್" ಅನ್ನುವುದು 340 ಮೆಗಾಹರ್ಟ್ಸ್‌ಗೆ ಪರೀಕ್ಷೆ ಮಾಡಿದ ದರ್ಜೆ. ಅದರ ಮೇಲೆ 3 ಮೀಟರ್ ಬೇರೆ. ಅಂಚಿನಲ್ಲಿ ನಡೀತಿದೆ ಅಷ್ಟೇ. ಗಟ್ಟಿ ಮಾಡಿಕೊಳ್ಳಲು: ಹಬ್ ಹಾಗೇ ಇರಲಿ, ಕೇಬಲ್ ಹಾಗೇ ಇರಲಿ, 30 ಹರ್ಟ್ಸ್‌ಗೆ ಇಳಿಸಿ ಒಂದು ಗಂಟೆ ಬಿಡಿ. ಕಪ್ಪಾಗುವುದು ನಿಂತರೆ ವೇಗದ ಸಮಸ್ಯೆ. ನಿಲ್ಲದಿದ್ದರೆ ಹಬ್‌ನ ವಿದ್ಯುತ್ ಅಥವಾ ಬಿಸಿ.

ಇನ್ನೊಂದು ಸುಳಿವು ಕಿವಿಗೆ ಕೇಳಿಸುತ್ತೆ. ತೆರೆ ಕಪ್ಪಾಗುವ ಹೊತ್ತಿಗೆ ಯುಎಸ್‌ಬಿ ಕಿತ್ತಾಗ ಬರುವ ಸದ್ದು ಬರುತ್ತಾ? ಹಬ್‌ಗೆ ಹಾಕಿದ ಮೌಸ್ ಆ ಕ್ಷಣ ನಿಲ್ಲುತ್ತಾ? ಹೌದು ಅಂದರೆ ಇಡೀ ಹಬ್ ಬಿದ್ದು ಏಳುತ್ತಿದೆ. ಮೌಸ್ ನೆಟ್ಟಗಿದ್ದು ಚಿತ್ರ ಮಾತ್ರ ಹೋದರೆ ದೋಷ ಹಬ್‌ನಿಂದ ಮಾನಿಟರ್‌ವರೆಗಿನ ಎಚ್‌ಡಿಎಂಐ ತುಂಡಿನಲ್ಲಿ ಹುಡುಕಿ.

ಎಚ್‌ಡಿಆರ್ (ಹೆಚ್ಚು ಬೆಳಕು-ಬಣ್ಣ ತೋರಿಸುವ ವಿಧಾನ) ಚಾಲೂ ಇದ್ದರೆ ಪರೀಕ್ಷೆ ಮುಗಿಯುವವರೆಗೆ ಆಫ್ ಮಾಡಿ. 4ಕೆ 60ರಲ್ಲಿ ಪೂರ್ತಿ ಆರ್‌ಜಿಬಿ 10 ಬಿಟ್ ಎಚ್‌ಡಿಎಂಐ 2.0ಗೆ ಹಿಡಿಸಲ್ಲ, ಬಣ್ಣದ ಮಾಹಿತಿ ಕತ್ತರಿಸಿ ಕಳಿಸುತ್ತೆ. ಆಮೇಲೆ ಅಕ್ಷರ ಮಂಜಾಯ್ತು ಅಂತ ಇನ್ನೊಂದು ಪ್ರಶ್ನೆ ಹುಟ್ಟುತ್ತೆ.

ಬೈಟ್‌ಬೇಟೆ:

ಸರಿ, ಒಂದನೇದರ ಮಾತು ವಾಪಸ್. ಆದರೆ ಡಿಸ್‌ಪ್ಲೇ ಪೋರ್ಟ್‌ನಲ್ಲಿ ಕೆಟ್ಟ ಕೇಬಲ್ ಹಾಕಿದಾಗ ಆಯ್ಕೆ ಕಮ್ಮಿ ಆಗಿದ್ದನ್ನ ನೋಡಿದ್ದೀನಲ್ಲ?

ಪಿನ್19:

ಅಲ್ಲಿ ನಿಜ. ಡಿಸ್‌ಪ್ಲೇ ಪೋರ್ಟ್ ಮೊದಲು ಕೇಬಲ್ ಮೇಲೆ ತಾಲೀಮು ನಡೆಸುತ್ತೆ. ಮೇಲಿನ ವೇಗದಲ್ಲಿ ತಪ್ಪು ಜಾಸ್ತಿ ಬಂದರೆ ಒಂದು ಮೆಟ್ಟಿಲು ಇಳಿಯುತ್ತೆ ಅಥವಾ ನಾಲ್ಕು ಲೇನ್ (ಡೇಟಾ ಹರಿಯುವ ತಂತಿಜೋಡಿ) ಬದಲು ಎರಡಕ್ಕೆ ಒಪ್ಪಿಕೊಳ್ಳುತ್ತೆ, ಅದರಂತೆ ಪಟ್ಟಿಯೂ ಕುಗ್ಗುತ್ತೆ. ಎಚ್‌ಡಿಎಂಐ 2.1ರ ಹೊಸ ಪದ್ಧತಿಯಲ್ಲೂ ತಾಲೀಮು ಇದೆ. ಹಳೇ ಎಚ್‌ಡಿಎಂಐಯಲ್ಲಿ ಇಲ್ಲ.

ಜೋಡಿತಂತಿ:

ಮೂರನೇದು ಬಹುಶಃ ದೋಷವೇ ಅಲ್ಲ. ಟೈಪ್-ಸಿ ಅನ್ನುವುದು ತೂತಿನ ಆಕಾರದ ಹೆಸರು, ಒಳಗೆ ಏನು ಹರಿಯುತ್ತೆ ಅನ್ನುವುದು ತಯಾರಕರು ತಂತಿ ಎಳೆದಂತೆ. ಚಿತ್ರ ಬರಬೇಕಾದರೆ ಆ ಪೋರ್ಟಿಗೆ ಡಿಸ್‌ಪ್ಲೇ ಪೋರ್ಟ್ ಆಲ್ಟ್ ಮೋಡ್ (ಟೈಪ್-ಸಿ ತಂತಿಗಳಲ್ಲೇ ಡಿಸ್‌ಪ್ಲೇ ಪೋರ್ಟ್ ಚಿತ್ರ ಕಳಿಸುವ ವ್ಯವಸ್ಥೆ) ಇರಬೇಕು. ಪಕ್ಕದ ಚಿಹ್ನೆ ನೋಡಿ: ಮಿಂಚಿನ ಗುರುತಿದ್ದು ಅದು ಥಂಡರ್‌ಬೋಲ್ಟ್ ಆಗಿದ್ದರೆ ಚಿತ್ರ ಇದ್ದೇ ಇರುತ್ತೆ, ಡಿ ಒಳಗೆ ಪಿ ಕೂತಂತಿರುವ ಗುರುತಿದ್ದರೂ ಸರಿ. ಬರೀ ಎಸ್‌ಎಸ್ ಮತ್ತು 5 ಅಥವಾ 10 ಅಂಕಿ ಇದ್ದರೆ ಅದು ಡೇಟಾ ವೇಗದ ಗುರುತು, ಚಿತ್ರದ ಭರವಸೆ ಕೊಡಲ್ಲ. ಚಿಹ್ನೆ ಏನೂ ಇಲ್ಲದಿದ್ದರೆ ನಿಮ್ಮ ಮಾಡೆಲ್ ಸಂಖ್ಯೆಯ ವಿವರಪಟ್ಟಿಯಲ್ಲಿ "ಡಿಸ್‌ಪ್ಲೇ ಪೋರ್ಟ್" ಅಥವಾ "ಥಂಡರ್‌ಬೋಲ್ಟ್" ಅನ್ನುವ ಪದ ಹುಡುಕಿ. ಸರಣಿಯ ಹೆಸರಲ್ಲಿ ಹುಡುಕಬೇಡಿ, ಪೂರ್ತಿ ಸಂಖ್ಯೆಯಲ್ಲಿ ಹುಡುಕಿ. ಒಂದೇ ಸರಣಿಯಲ್ಲಿ ಪೋರ್ಟುಗಳು ಬೇರೆ ಬೇರೆ ಇರುತ್ತವೆ.

ಇಲ್ಲಿ ಎಡವುವವರು ಇನ್ನೊಂದು ಕಡೆಯೂ ಎಡವುತ್ತಾರೆ, ಕೇಬಲ್‌ನಲ್ಲಿ. ಫೋನ್ ಚಾರ್ಜರ್ ಜೊತೆ ಬರುವ ಸಿ-ಟು-ಸಿ ಕೇಬಲ್ ಸಾಮಾನ್ಯವಾಗಿ ಯುಎಸ್‌ಬಿ 2.0ದು. ಅದರಲ್ಲಿ ಹೈ-ಸ್ಪೀಡ್ ಜೋಡಿತಂತಿಗಳೇ ಇರಲ್ಲ, 100 ವ್ಯಾಟ್ ಹೊರುವ ದಪ್ಪ ಕೇಬಲ್ ಆಗಿದ್ದರೂ ಸರಿ. ನಿಮ್ಮ ಹಬ್‌ಗೆ ಕೇಬಲ್ ಅಂಟಿಕೊಂಡೇ ಬಂದಿದ್ದರೆ ಈ ಮಾತು ಬಿಟ್ಟುಬಿಡಿ.

ಎಡಗಡೆ ಪೋರ್ಟಿನಲ್ಲೂ ಒಂದು ಪುಟ್ಟ ಪರೀಕ್ಷೆ: ಪ್ಲಗ್ ತಿರುಗಿಸಿ ಹಾಕಿ. ಒಂದು ಮಗ್ಗುಲಲ್ಲಿ ಚಿತ್ರ, ಇನ್ನೊಂದು ಮಗ್ಗುಲಲ್ಲಿ ಇಲ್ಲ ಅಂದರೆ 24 ಸಂಪರ್ಕಗಳಲ್ಲಿ ಯಾವುದೋ ಧೂಳು ಹಿಡಿದಿದೆ ಅಥವಾ ಬಗ್ಗಿದೆ. ಲ್ಯಾಪ್‌ಟಾಪ್ ಪೂರ್ತಿ ಆಫ್ ಮಾಡಿ ಒಣಗಿದ ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕಸ ತೆಗೆಯಿರಿ. ಸೂಜಿ, ಪಿನ್ನು ಬೇಡವೇ ಬೇಡ.

ನಾಲ್ಕನೇದು ಎರಡು ಯಂತ್ರಗಳ ಕಣ್ಣಾಮುಚ್ಚಾಲೆ. ಮಾನಿಟರ್ ಗಾಢ ನಿದ್ದೆಗೆ ಹೋದಾಗ "ನಾನಿದ್ದೀನಿ" ಅನ್ನುವ ಸಂಕೇತವನ್ನೂ ಇಳಿಸಿಬಿಡುತ್ತೆ. ಎಚ್‌ಡಿಎಂಐಯಲ್ಲಿ ಅದು 19ನೇ ಪಿನ್. (ಮೇಲಿನವರ ಹೆಸರು ಸುಮ್ಮನೆ ಬಂದಿಲ್ಲ.) ಎದ್ದ ಮೇಲೆ ಅದು ಒಂದೊಂದೇ ಇನ್‌ಪುಟ್ ತಡಕುತ್ತಾ ಹೋಗುತ್ತೆ, ಲ್ಯಾಪ್‌ಟಾಪ್ ಅಷ್ಟರಲ್ಲಿ ಒಮ್ಮೆ ನೋಡಿ ಯಾರೂ ಇಲ್ಲ ಅಂತ ಬಿಟ್ಟಿರುತ್ತೆ. ಮಾನಿಟರ್ ಮೆನುವಿನಲ್ಲಿ ಇನ್‌ಪುಟ್ ಆಟೋ ಇರುವುದನ್ನ ತೆಗೆದು ನೀವು ಬಳಸುವ ಪೋರ್ಟಿಗೇ ನಿಲ್ಲಿಸಿ, ಡೀಪ್ ಸ್ಲೀಪ್ ಅಥವಾ ಅದರಂಥ ಉಳಿತಾಯದ ಆಯ್ಕೆ ಆಫ್ ಮಾಡಿ. ಆದರೂ ಸಿಕ್ಕಿಕೊಂಡರೆ ವಿಂಡೋಸ್ + ಕಂಟ್ರೋಲ್ + ಶಿಫ್ಟ್ + ಬಿ ಒತ್ತಿ. ಗ್ರಾಫಿಕ್ಸ್ ಡ್ರೈವರ್ ಮಾತ್ರ ಮರುಚಾಲೂ ಆಗುತ್ತೆ, ತೆರೆದ ಕಡತಗಳಿಗೆ ಏನೂ ಆಗಲ್ಲ. ಅದಕ್ಕೂ ಬಗ್ಗದಿದ್ದರೆ ಮಾನಿಟರಿನ ಪವರ್ ಪ್ಲಗ್ಗನ್ನ ಗೋಡೆಯಿಂದ ಕಿತ್ತು ಒಂದೆರಡು ನಿಮಿಷ ಬಿಟ್ಟು ಹಾಕಿ. ಮುಂದಿನ ಬಟನ್ನಿಂದ ಆಫ್ ಮಾಡಿದರೆ ಒಳಗಿನ ಬೋರ್ಡಿಗೆ ವಿದ್ಯುತ್ ಇದ್ದೇ ಇರುತ್ತೆ, ಅದು ಲೆಕ್ಕಕ್ಕಿಲ್ಲ.

ನಗಬೇಡಿ, ಕಪ್ಪಾಗುವುದಕ್ಕೆ ಇನ್ನೊಂದು ಶಂಕಿತ ನಿಮ್ಮ ಕುರ್ಚಿ. ಗ್ಯಾಸ್ ಲಿಫ್ಟ್ ಇರುವ ಕುರ್ಚಿಯಿಂದ ಎದ್ದಾಗ, ಕೂತಾಗ ಸ್ಥಾಯಿ ವಿದ್ಯುತ್ ಸಿಡಿದು, ಕವಚ ಸರಿಯಿಲ್ಲದ ಕೇಬಲ್ ಅದನ್ನ ಆಂಟೆನಾ ಥರ ಹಿಡಿಯುತ್ತೆ. ಕಪ್ಪಾಗುವ ಸಮಯ ನೀವು ಏಳುವ ಸಮಯ ಒಂದೇನಾ ಗಮನಿಸಿ.

ಕಪ್ಪುತೆರೆ:

ಎಲ್ಲ ಮಾಡಿದೆ. ಫಲಿತಾಂಶ:

ಮಾನಿಟರಿನ ಎರಡನೇ ಎಚ್‌ಡಿಎಂಐಯಲ್ಲೂ ನೇರ ಹಾಕಿದರೆ 30 ಮಾತ್ರ. 2560×1440ರಲ್ಲಿ 60 ಬರುತ್ತೆ. ಹಬ್‌ನಿಂದ ಅದೇ ಪೋರ್ಟಿಗೆ 4ಕೆ 60. ಹಬ್‌ನಲ್ಲಿ 30ಕ್ಕೆ ಇಳಿಸಿದಾಗ ಒಂದು ಗಂಟೆ ಒಮ್ಮೆಯೂ ಕಪ್ಪಾಗಲಿಲ್ಲ. 60ರಲ್ಲಿ ಕಪ್ಪಾದಾಗ ಹಬ್‌ನ ಮೌಸ್ ನಡೀತಾನೇ ಇತ್ತು, ಸದ್ದೂ ಇಲ್ಲ. ಕುರ್ಚಿಗೂ ಇದಕ್ಕೂ ಸಂಬಂಧ ಕಾಣಲಿಲ್ಲ. ಎಡಗಡೆ ಪೋರ್ಟಿನ ಪಕ್ಕ ಡಿ-ಪಿ ಗುರುತಿದೆ, ಬಲಗಡೆ ಎಸ್‌ಎಸ್ 10 ಅಷ್ಟೇ.

ಈಗ ಹೊಸ ಎಚ್‌ಡಿಎಂಐ ಕೇಬಲ್ ತರಲೋ, ಟೈಪ್-ಸಿಯಿಂದ ಡಿಸ್‌ಪ್ಲೇ ಪೋರ್ಟ್‌ಗೆ ನೇರ ಕೇಬಲ್ ತರಲೋ?

ಪಿನ್19:

ಎರಡನೇದು ತನ್ನಿ. ಎಚ್‌ಡಿಎಂಐ ಕೇಬಲ್ ಬದಲಾಯಿಸಿದರೂ ಕೆಲಸ ನಡೆಯುತ್ತೆ. "ಪ್ರೀಮಿಯಂ ಹೈ ಸ್ಪೀಡ್" ಚೀಟಿ ಇರುವುದು, 2 ಮೀಟರ್ ಒಳಗೆ ಇರಲಿ. ಅದು 18 ಗಿಗಾಬಿಟ್‌ಗೆ ಪರೀಕ್ಷೆಯಾದದ್ದು. ಆದರೆ ಟೈಪ್-ಸಿಯಿಂದ ಹೊರಡುವುದೇ ಡಿಸ್‌ಪ್ಲೇ ಪೋರ್ಟ್ ಸಂಕೇತ. ಮಾನಿಟರ್‌ಗೆ ಅದೇ ಭಾಷೆ ಬರುವಾಗ ನಡುವೆ ದುಭಾಷಿ ಚಿಪ್ ಯಾಕೆ? ಬಿಸಿಯಾಗುವ ಒಂದು ವಸ್ತು ದಾರಿಯಿಂದ ಹೋಯಿತು.

ತರುವಾಗ ದಿಕ್ಕು ನೋಡಿ. ಇಂಥ ಕೇಬಲ್‌ಗಳು ಬಹುಪಾಲು ಒಂದೇ ದಿಕ್ಕಿನವು: ಟೈಪ್-ಸಿ ಕಡೆಯಿಂದ ಡಿಸ್‌ಪ್ಲೇ ಪೋರ್ಟ್ ಕಡೆಗೆ. ನಿಮಗೆ ಬೇಕಾದ್ದೂ ಅದೇ. ಡೆಸ್ಕ್‌ಟಾಪ್‌ನ ಡಿಸ್‌ಪ್ಲೇ ಪೋರ್ಟ್‌ನಿಂದ ಟೈಪ್-ಸಿ ಮಾನಿಟರ್‌ಗೆ ಅಂತ ಮಾರುವ ಉಲ್ಟಾ ಕೇಬಲ್ ತಂದರೆ ನಡೆಯಲ್ಲ. ಉದ್ದ 1ರಿಂದ 2 ಮೀಟರ್.

ಹಾಕಿದ ಮೇಲೆ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ. ಅಲ್ಲಿ ಮಾನಿಟರ್ ಆರಿಸಿ "ಆ್ಯಕ್ಟಿವ್ ಸಿಗ್ನಲ್ ಮೋಡ್" ಸಾಲಿನಲ್ಲಿ 3840×2160, 60 ಹರ್ಟ್ಸ್, ಕೆಳಗೆ ಆರ್‌ಜಿಬಿ ಇದೆಯಾ ನೋಡಿ. ಮತ್ತೆ 30 ಅಂತ ಬಂದರೆ ಗಾಬರಿ ಬೇಡ, ಮಾನಿಟರ್ ಮೆನುವಿನಲ್ಲಿ ಡಿಸ್‌ಪ್ಲೇ ಪೋರ್ಟ್ ಆವೃತ್ತಿ 1.1ಕ್ಕೆ ಇಟ್ಟಿರಬಹುದು. 1.1ರಲ್ಲಿ ನಾಲ್ಕು ಲೇನ್ ಸೇರಿ ಉಪಯೋಗಕ್ಕೆ ಸಿಗುವುದು 8.64 ಗಿಗಾಬಿಟ್, 4ಕೆ 60ಕ್ಕೆ ಬೇಕಾದದ್ದು ಹನ್ನೆರಡೂವರೆಯ ಆಸುಪಾಸು. 1.2ಕ್ಕೆ ಏರಿಸಿದರೆ 17.28 ಸಿಗುತ್ತೆ.

ಜೋಡಿತಂತಿ:

ಹಬ್ಬನ್ನ ಎಸೆಯಬೇಡಿ. ಬಲಗಡೆ ಪೋರ್ಟಿಗೆ ಚಿತ್ರ ಬಾರದಿದ್ದರೂ ಡೇಟಾ 10 ಗಿಗಾಬಿಟ್‌ವರೆಗೆ ಬರುತ್ತೆ. ಹಬ್ ಅಲ್ಲಿರಲಿ, ಮೌಸ್, ಕೀಬೋರ್ಡ್, ಡಿಸ್ಕ್ ಅದಕ್ಕೆ; ಮಾನಿಟರ್ ಎಡಗಡೆಗೆ. ಇದರಲ್ಲಿ ಲಾಭವೂ ಇರಬಹುದು: 4ಕೆ 60 ಕೊಡುವ ಹಬ್‌ಗಳಲ್ಲಿ ಎಷ್ಟೋ ನಾಲ್ಕೂ ಲೇನ್ ಚಿತ್ರಕ್ಕೇ ಕೊಟ್ಟು ಯುಎಸ್‌ಬಿಯನ್ನ 480 ಮೆಗಾಬಿಟ್‌ಗೆ ಇಳಿಸುತ್ತವೆ. ಡಿಸ್ಕ್‌ಗೆ ಒಂದು ದೊಡ್ಡ ಕಡತ ನಕಲು ಮಾಡಿ ಎರಡೂ ಕಡೆ ಹೋಲಿಸಿ. ಎಡಗಡೆ ಸೆಕೆಂಡಿಗೆ 40 ಮೆಗಾಬೈಟ್ ಸುತ್ತಮುತ್ತ ನಿಂತು, ಬಲಗಡೆ ಅದನ್ನ ಸುಲಭವಾಗಿ ದಾಟಿದರೆ ನಿಮ್ಮದೂ ಅಂಥದ್ದೇ.

ಕಪ್ಪುತೆರೆ:

1.8 ಮೀಟರಿನ ಟೈಪ್-ಸಿ – ಡಿಸ್‌ಪ್ಲೇ ಪೋರ್ಟ್ ಕೇಬಲ್ ಹಾಕಿದೆ. ಮೊದಲು 30 ಬಂತು, ಮಾನಿಟರ್ ಮೆನುವಿನಲ್ಲಿ ನಿಜವಾಗಿಯೂ 1.1 ಇತ್ತು. 1.2 ಮಾಡಿದೆ, ಈಗ 60, ಆರ್‌ಜಿಬಿ, 8 ಬಿಟ್. ಎರಡು ದಿನದಿಂದ ಒಮ್ಮೆಯೂ ಕಪ್ಪಾಗಿಲ್ಲ. ಇನ್‌ಪುಟ್ ಡಿಸ್‌ಪ್ಲೇ ಪೋರ್ಟ್‌ಗೆ ನಿಲ್ಲಿಸಿದ ಮೇಲೆ ಸ್ಲೀಪ್‌ನಿಂದಲೂ ಏಳುತ್ತೆ. ಒಂದೇ ಕಿರಿಕಿರಿ: ಮಾನಿಟರ್ ಬಟನ್ ಒತ್ತಿ ಆಫ್ ಮಾಡಿದರೆ ಅದರಲ್ಲಿದ್ದ ವಿಂಡೋಗಳೆಲ್ಲ ಲ್ಯಾಪ್‌ಟಾಪ್ ತೆರೆಗೆ ಓಡಿಬರುತ್ತವೆ. ಎಚ್‌ಡಿಎಂಐಯಲ್ಲಿ ಹೀಗಾಗ್ತಿರಲಿಲ್ಲ.

ಜೋಡಿತಂತಿ:

ಡಿಸ್‌ಪ್ಲೇ ಪೋರ್ಟ್‌ನಲ್ಲಿ ಮಾನಿಟರ್ ಆಫ್ ಆದರೆ ಕೇಬಲ್ ಕಿತ್ತಂತೆಯೇ ವಿಂಡೋಸ್‌ಗೆ ಕಾಣುವುದು ಸಾಮಾನ್ಯ. ಡಿಸ್‌ಪ್ಲೇ ಸೆಟ್ಟಿಂಗ್ಸ್‌ನ "ಮಲ್ಟಿಪಲ್ ಡಿಸ್‌ಪ್ಲೇಸ್" ಬಿಚ್ಚಿ, ಮಾನಿಟರ್ ಸಂಪರ್ಕಕ್ಕೆ ತಕ್ಕಂತೆ ವಿಂಡೋಗಳ ಜಾಗ ನೆನಪಿಡುವ ಆಯ್ಕೆಗೂ, ಮಾನಿಟರ್ ಹೋದಾಗ ವಿಂಡೋಗಳನ್ನ ಮಿನಿಮೈಸ್ ಮಾಡುವ ಆಯ್ಕೆಗೂ ಟಿಕ್ ಹಾಕಿ. ಮಾನಿಟರ್ ಮತ್ತೆ ಬಂದಾಗ ಅವು ತಮ್ಮ ಜಾಗಕ್ಕೆ ಮರಳುತ್ತವೆ. ಇಲ್ಲವೇ ಬಟನ್ ಮುಟ್ಟಬೇಡಿ, ಎದ್ದು ಹೋಗುವಾಗ ವಿಂಡೋಸ್ + ಎಲ್ ಒತ್ತಿ, ತೆರೆ ತಾನಾಗಿ ಆರಲಿ. ಡೀಪ್ ಸ್ಲೀಪ್ ಆಫ್ ಇದ್ದರೆ ಹಾಗೆ ಆರಿದಾಗ ಮಾನಿಟರ್ ಸಾಮಾನ್ಯವಾಗಿ ಸಂಪರ್ಕ ಬಿಡಲ್ಲ.