ಅಪ್‌ಡೇಟ್: ಟ್ಯಾಂಕಿಗೆ ಫ್ಲೇಕ್ ಹೊಡೆದಾಯ್ತು

ಹಳೇ ಯೆಜ್ಡಿ ಬೈಕಿನ ಪೆಟ್ರೋಲ್ ಟ್ಯಾಂಕಿಗೆ ಯಾವ ಸೈಜಿನ ಮೆಟಲ್ ಫ್ಲೇಕ್ (ಪೇಂಟಿನಲ್ಲಿ ಬೆರೆಸಿ ಹೊಡೆಯುವ ಮಿನುಗು ಚೂರು), ಯಾವ ಸ್ಪ್ರೇ ಗನ್ ಅಂತ ಮಳೆಗಾಲದಲ್ಲಿ ಕೇಳಿದ್ದೆ. ನೀವೆಲ್ಲ ಹೇಳಿದ ಹಾಗೆ ದೀಪಾವಳಿ ಕಳೆಯುವವರೆಗೆ ಕಾದೆ. ಕಾರವಾರದ ಆ ತೇವದಲ್ಲಿ ಕ್ಲಿಯರ್ (ಮೇಲೆ ಹೊಡೆಯುವ ಬಣ್ಣವಿಲ್ಲದ ಕೋಟು) ಮಂಜುಗಟ್ಟಿದ ಹಾಗೆ ಆಗ್ತಿತ್ತೇನೋ.

200 ಮೈಕ್ರಾನ್ ಬೆಳ್ಳಿ ಫ್ಲೇಕ್ ತಗೊಂಡೆ. ತಗಡಿನ ತುಂಡಿನ ಮೇಲೆ 1.4 ಮಿ.ಮೀ. ನಾಝಲ್‌ನಲ್ಲಿ ಹೊಡೆದು ನೋಡಿದೆ, ಕಟ್ಟಿಕೊಂಡಿತು. 2.0ಕ್ಕೆ ಬದಲಿಸಿ, ಗನ್ನಿನ ಜಾಲರಿ ತೆಗೆದು, ಪೇಂಟ್ ತುಂಬುವ ಕಪ್‌ನೊಳಗೆ ಎರಡು ಬೇರಿಂಗ್ ಗುಂಡು ಹಾಕಿ ಅಲುಗಾಡಿಸುತ್ತಲೇ ಹೊಡೆದೆ. ಸುಮ್ಮನೆ ಬಿಟ್ಟರೆ ಫ್ಲೇಕ್ ತಳ ಸೇರುತ್ತದೆ. ಫ್ಲೇಕಿನ ಕೆಳಗೆ ಬೆಳ್ಳಿ ಬಣ್ಣದ ಬೇಸ್ ಕೋಟು ಇದ್ದಿದ್ದಕ್ಕೆ ಚೂರುಗಳ ನಡುವಿನ ಸಂದು ಕಾಣಲೇ ಇಲ್ಲ. ಅದನ್ನು ಹೇಳಿಕೊಟ್ಟ ಶಿರಸಿಯ ಅಣ್ಣನಿಗೆ ದೊಡ್ಡ ನಮಸ್ಕಾರ.

ಕ್ಲಿಯರ್ ಆರು ಕೋಟು ಕುಡಿಯಿತು. ನಡುವೆ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ತಿಕ್ಕುವಾಗ ಫ್ಲೇಕಿಗೆ ತಾಗದಂತೆ ನೋಡಿಕೊಂಡೆ. ನಿನ್ನೆ ಟಾಗೋರ್ ಬೀಚಿನ ಬಿಸಿಲಿಗೆ ಒಯ್ದಿದ್ದೆ. ಅಬ್ಬಾ, ಆ ಮಿನುಗು!