ಅಂಡಮಾನ್ ಪಕ್ಷಿ ಪ್ರವಾಸ: ಚಿತ್ರಗಳು ಮಬ್ಬಾಗಿ ಬರುತ್ತಿವೆ, ಲೆನ್ಸ್ ಕೆಟ್ಟಿದೆಯೇ?

ಕಾಜಾಣ_ಶಿವಮೊಗ್ಗ:
ಎಲ್ಲರಿಗೂ ನಮಸ್ಕಾರ. ಗೆಳೆಯನೊಂದಿಗೆ ಕಡಿಮೆ ಖರ್ಚಿನ ಪಕ್ಷಿ ವೀಕ್ಷಣೆಗೆಂದು ದಕ್ಷಿಣ ಅಂಡಮಾನಿಗೆ ಬಂದು, ಪೋರ್ಟ್ ಬ್ಲೇರಿನ (ಈಗಿನ ಶ್ರೀ ವಿಜಯಪುರಂ) ಎ.ಸಿ. ಕೋಣೆಯೊಂದರಲ್ಲಿ ಉಳಿದಿದ್ದೇನೆ. ನನ್ನಲ್ಲಿರುವುದು ಹಳೆಯ ಡಿಎಸ್‌ಎಲ್‌ಆರ್ ಮತ್ತು 70-300 ಮಿ.ಮೀ. ಲೆನ್ಸ್. ದ್ವೀಪದ ದಕ್ಷಿಣ ತುದಿಯ ಚಿಡಿಯಾ ಟಾಪುವಿನಲ್ಲಿ ನಸುಕಿನಲ್ಲಿ ತೆಗೆದ ಮೊದಲ ಚಿತ್ರಗಳೆಲ್ಲ ಬಿಳಿಚಿಕೊಂಡಿರುತ್ತವೆ. ಸ್ವಲ್ಪ ಹೊತ್ತಿನ ಮೇಲೆ ಅದು ಸರಿಹೋದರೂ, ಕಾಡಿನೊಳಗಿನ ಹಕ್ಕಿಗಳು ಅಲುಗಿದಂತೆ ಕಾಣುತ್ತವೆ. ಅಂಡಮಾನ್ ಮರಕುಟಿಗವಂತೂ ಆಕಾಶದ ಎದುರು ಬರೀ ಕಪ್ಪು ಆಕೃತಿಯಾಗಿ ಬಂದಿದೆ. ಸಿಪ್ಪಿಘಾಟಿನ ಜೌಗಿನಲ್ಲಿ ಬೆಳಗ್ಗೆ ಹತ್ತರ ಹೊತ್ತಿಗೆ 1/1000 ಸೆಕೆಂಡಿನ ಷಟರ್ ವೇಗದಲ್ಲಿ ತೆಗೆದ ಅಂಡಮಾನ್ ಟೀಲ್ ಬಾತುಗಳೂ ಸ್ಪಷ್ಟವಾಗಿಲ್ಲ. ಬಾಡಿಗೆಗೆ ದೊಡ್ಡ ಲೆನ್ಸ್ ತರಿಸಿಕೊಳ್ಳಬೇಕೇ?

ಹಳೆ_ಟ್ರೈಪಾಡ್:
ಸರ್, ಬಾಡಿಗೆ ಲೆನ್ಸಿಗೆ ಈಗಲೇ ದುಡ್ಡು ಸುರಿಯಬೇಡಿ. ಕ್ಯಾಮೆರಾವನ್ನು ಟ್ರೈಪಾಡಿನ ಮೇಲಿಟ್ಟು, ಇಪ್ಪತ್ತು ಅಡಿ ದೂರದ ಗೋಡೆಗೆ ಅಂಟಿಸಿದ ದಿನಪತ್ರಿಕೆಯನ್ನು ಎರಡು ಸೆಕೆಂಡಿನ ಟೈಮರ್ ಹಾಕಿ ತೆಗೆಯಿರಿ. ಅಕ್ಷರಗಳು ಸ್ಪಷ್ಟವಾಗಿದ್ದರೆ ಲೆನ್ಸಿನಲ್ಲಿ ದೋಷವಿಲ್ಲ. ನೀವು ಹೇಳುತ್ತಿರುವುದು ಒಂದೇ ತೊಂದರೆಯಲ್ಲ, ಒಂದಕ್ಕೊಂದು ಸಂಬಂಧವಿಲ್ಲದ ಹಲವು ತೊಂದರೆಗಳು.

ನಸುಕಿನ ಬಿಳಿಚಿಕೆಗೆ ಕಾರಣ ನಿಮ್ಮ ಎ.ಸಿ. ಕೋಣೆ. ಮಂಗಳೂರಿನಲ್ಲಿ ಎ.ಸಿ. ಬಸ್ಸಿನಿಂದ ಇಳಿದೊಡನೆ ಕನ್ನಡಕ ಮಬ್ಬಾಗುವಂತೆ, ರಾತ್ರಿಯಿಡೀ ತಣ್ಣಗಾದ ಗಾಜಿನ ಮೇಲೆ ದ್ವೀಪದ ತೇವದ ಗಾಳಿ ಹನಿಗಟ್ಟುತ್ತದೆ. ಕ್ಯಾಮೆರಾವನ್ನು ಗಾಳಿಯಾಡದ ಪ್ಲಾಸ್ಟಿಕ್ ಚೀಲದಲ್ಲಿ ಮುಚ್ಚಿಯೇ ಹೊರಗೆ ತಂದು, ಅದು ಹೊರಗಿನ ಬಿಸಿಗೆ ಹೊಂದಿಕೊಂಡ ಮೇಲೆ ಚೀಲ ತೆರೆದರೆ ಹನಿಗಳು ಚೀಲದ ಹೊರಮೈಯಲ್ಲೇ ಉಳಿಯುತ್ತವೆ. ಅದಕ್ಕಿಂತ ಸುಲಭದ ದಾರಿಯೆಂದರೆ ಫ್ಯಾನ್ ಮಾತ್ರ ಇರುವ ಕೋಣೆಗೆ ಹೋಗುವುದು, ಬಾಡಿಗೆಯೂ ಉಳಿಯುತ್ತದೆ. ಹನಿಗಟ್ಟಿರುವಾಗ ಲೆನ್ಸನ್ನು ಮಾತ್ರ ಕಳಚಬೇಡಿ, ತೇವ ಒಳಗೆ ಚಿತ್ರ ಮೂಡಿಸುವ ಸೆನ್ಸರಿನವರೆಗೂ ಹೋಗುತ್ತದೆ.

ಕಾಡಿನೊಳಗಿನ ಅಲುಗಾಟದ ಬಗ್ಗೆ ಹೇಳುವುದಾದರೆ, 300 ಮಿ.ಮೀ.ನಲ್ಲಿ ಎಫ್/5.6ರಷ್ಟು ಮಾತ್ರ ಬಾಯಿ ತೆರೆಯುವ ಲೆನ್ಸಿಗೆ ಅಲ್ಲಿನ ಬೆಳಕು ಸಾಲದು. ಲೆನ್ಸಿನ ಸ್ಥಿರೀಕರಣ ನಿಮ್ಮ ಕೈಯ ನಡುಕವನ್ನು ತಡೆಯಬಹುದೇ ಹೊರತು ಹಕ್ಕಿಯ ಚಲನೆಯನ್ನು ತಡೆಯಲಾರದು. ಆದ್ದರಿಂದ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿಸಿದರೆ ಚಿತ್ರ ಕಾಳುಕಾಳಾಗುತ್ತದೆ) 3200ಕ್ಕೆ ಅಂಜದೆ ಷಟರ್ ವೇಗವನ್ನು 1/500ಕ್ಕಿಂತ ಕೆಳಗಿಳಿಸದಿರಿ. ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಚಿತ್ರ) ಕಾಳುಕಾಳಾದ ಚಿತ್ರವನ್ನು ತಕ್ಕಮಟ್ಟಿಗೆ ಸರಿಪಡಿಸಬಹುದು, ಅಲುಗಿದ್ದನ್ನು ಸರಿಪಡಿಸುವುದು ಕಷ್ಟ. ಎಲೆಗಳ ನಡುವೆ ಫೋಕಸ್ ತಪ್ಪದಂತೆ ನಡುವಿನ ಒಂದೇ ಬಿಂದುವನ್ನು ಬಳಸಿ. ಮರಕುಟಿಗದ ಮೈ ಕಪ್ಪು, ಹಿಂದಿನ ಆಕಾಶ ಬೆಳ್ಳಗೆ. ಚಿತ್ರವನ್ನು ಹೆಚ್ಚು ಬೆಳಗಿಸುವ ಎಕ್ಸ್‌ಪೋಶರ್ ಕಾಂಪೆನ್ಸೇಶನ್ ಅನ್ನು +1 ಅಥವಾ +1.7ಕ್ಕೆ ಏರಿಸಿದರೆ ಆಕಾಶ ವಿವರವಿಲ್ಲದೆ ಬರೀ ಬೆಳ್ಳಗಾದರೂ ಕೆಂಪು ಜುಟ್ಟು ಮತ್ತು ಗರಿಗಳ ವಿವರ ಉಳಿಯುತ್ತವೆ. ಆಕಾಶವೇ ಬೇಕೆಂದು ಹಟ ಹಿಡಿಯುವವರು ಬೇರೆ ಹಕ್ಕಿಯನ್ನು ಹುಡುಕಿಕೊಳ್ಳುವುದು ಮೇಲು.

ಸಿಪ್ಪಿಘಾಟಿನ ತೊಂದರೆಗೆ ಹೊತ್ತೇ ಕಾರಣ. 2004ರ ಭೂಕಂಪದಲ್ಲಿ ನೆಲ ಕುಸಿದು ಕೃಷಿಭೂಮಿಗೆ ಉಪ್ಪುನೀರು ನುಗ್ಗಿ ಆದ ಜೌಗು ಅದು. ಬಯಲಾದ್ದರಿಂದ ಬಿಸಿಲೇರಿದೊಡನೆ ನೀರಿನ ಮೇಲಿನ ಗಾಳಿ ತೇಲಾಡತೊಡಗುತ್ತದೆ. ಆಗ ಎಷ್ಟು ದುಬಾರಿಯ ಲೆನ್ಸ್ ಇದ್ದರೂ ದೂರದ ಬಾತು ಕರಗಿದಂತೆಯೇ ಕಾಣುತ್ತದೆ. ದ್ವೀಪದಲ್ಲಿ ಸೂರ್ಯ ಬೆಂಗಳೂರಿಗಿಂತ ಸುಮಾರು ಒಂದು ಗಂಟೆ ಮೊದಲೇ ಹುಟ್ಟುತ್ತಾನೆ. ನಮ್ಮ ಊರಿನ ಲೆಕ್ಕದಲ್ಲಿ ಆರೂವರೆಗೆ ಹೊರಟರೆ ಒಳ್ಳೆಯ ಬೆಳಕು ಕಳೆದುಹೋಗಿರುತ್ತದೆ. ಬಸ್ಸಿನ ಬದಲು ಇಬ್ಬರೂ ಸೇರಿ ಸ್ಕೂಟರ್ ಬಾಡಿಗೆಗೆ ಪಡೆದು ಕತ್ತಲಿರುವಾಗಲೇ ಹೊರಡಿ. ಪ್ರವಾಸದಲ್ಲಿ ಈ ಒಂದು ಖರ್ಚನ್ನು ಉಳಿಸಬಾರದು.

ಕಾಜಾಣ_ಶಿವಮೊಗ್ಗ:
ಧನ್ಯವಾದಗಳು ಸರ್. ದಿನಪತ್ರಿಕೆಯ ಅಕ್ಷರಗಳು ಸ್ಪಷ್ಟವಾಗಿ ಬಂದವು. ಫ್ಯಾನ್ ಕೋಣೆಗೆ ಬದಲಾಯಿಸಿಕೊಂಡ ಮೇಲೆ ಬಿಳಿಚಿಕೆ ಪೂರ್ತಿ ನಿಂತಿದೆ. ಇಂದು ಬೆಳಕು ಹರಿಯುವಾಗಲೇ ಸಿಪ್ಪಿಘಾಟ್ ತಲುಪಿದ್ದರಿಂದ ಟೀಲ್ ಬಾತಿನ ಕಣ್ಣಿನ ಸುತ್ತಲಿನ ಬಿಳಿಯ ಉಂಗುರವೂ ಸ್ಪಷ್ಟವಾಗಿ ಮೂಡಿದೆ. ಇನ್ನೊಂದು ಸಂದೇಹ: ಚಿಡಿಯಾ ಟಾಪುವಿನಲ್ಲಿ ಗೂಬೆಗಳ ಚಿತ್ರ ತೆಗೆಯಲು ಫ್ಲ್ಯಾಶ್ ಬೇಕೇ?

ಕಡಲಂಚು_ಕುಮಟಾ:
ಫ್ಲ್ಯಾಶ್ ಬೇಡ, ಮೊಬೈಲಿನಲ್ಲಿ ಕೂಗನ್ನು ಹಾಕಿ ಕರೆಯುವುದೂ ಬೇಡ. ಚಿಡಿಯಾ ಟಾಪುವಿನ ರಸ್ತೆಗೆ ಪಕ್ಷಿ ವೀಕ್ಷಕರು ಮೇಲಿಂದ ಮೇಲೆ ಬರುವುದರಿಂದ, ಒಬ್ಬೊಬ್ಬರೂ ಕೂಗು ಹಾಕತೊಡಗಿದರೆ ಅಲ್ಲಿನ ಹಕ್ಕಿಗೆ ನೆಮ್ಮದಿಯೇ ಇರುವುದಿಲ್ಲ. ಚಳಿಗಾಲದಲ್ಲಿ ಸಂಜೆ ಐದರ ಸುಮಾರಿಗೇ ಹೊತ್ತು ಮುಳುಗುವುದರಿಂದ ಅಷ್ಟರೊಳಗೆ ಕಾಡಿನಂಚಿಗೆ ತಲುಪಿ ಸುಮ್ಮನೆ ನಿಂತು ಕಿವಿಗೊಡಿ. ಹ್ಯೂಮ್ಸ್ ಗೂಬೆ ಕಂಡರೆ ಗೆಳೆಯ ಮಂದ ಟಾರ್ಚನ್ನು ಕಣ್ಣಿಗೆ ನೇರವಾಗಿ ಬಿಡದೆ ಪಕ್ಕದ ಕೊಂಬೆಯ ಮೇಲೆ ಹಿಡಿಯಲಿ. ನೀವು ಲೆನ್ಸನ್ನು ಮರಕ್ಕೋ ಸ್ಕೂಟರಿನ ಸೀಟಿಗೋ ಆನಿಸಿ, ಐಎಸ್ಒ 6400 ಇಟ್ಟು, 1/60ರ ಆಸುಪಾಸಿನಲ್ಲಿ ಕೆಲವೇ ಚಿತ್ರಗಳನ್ನು ತೆಗೆದು ಟಾರ್ಚ್ ಆರಿಸಿಬಿಡಿ. ಕುಳಿತ ಗೂಬೆ ಹೆಚ್ಚು ಅಲುಗಾಡದಿದ್ದರೆ ಆ ವೇಗ ಸಾಕಾಗುತ್ತದೆ. ಪೋರ್ಟ್ ಬ್ಲೇರಿಗೆ ಸುಮಾರು 25 ಕಿ.ಮೀ. ಕತ್ತಲಿನಲ್ಲಿ ಮರಳಬೇಕಾದ್ದರಿಂದ, ಹೊರಡುವ ಮೊದಲೇ ಸ್ಕೂಟರಿನ ಹೆಡ್‌ಲೈಟ್ ಮತ್ತು ಪೆಟ್ರೋಲ್ ನೋಡಿಕೊಳ್ಳಿ, ವಾಹನವನ್ನು ಎಷ್ಟು ಗಂಟೆಯೊಳಗೆ ಹಿಂದಿರುಗಿಸಬೇಕೆಂದು ಬಾಡಿಗೆಗೆ ಕೊಟ್ಟವರನ್ನು ಕೇಳಿಕೊಳ್ಳಿ.