ಸಹಾಯ ಬೇಕು: ದೊಡ್ಡಪ್ಪನ ಮಾಡೆಲ್ ರೈಲುಗಳಿಗೆ ಬೆಲೆ ಕಟ್ಟೋದು ಹೇಗೆ?

ದೊಡ್ಡಪ್ಪ ತೀರಿಕೊಂಡರು. ಆಸ್ತಿ ಪಾಲಾಗೋ ಮುಂಚೆ ಅವರ ಮಾಡೆಲ್ ರೈಲುಗಳಿಗೂ ಬೆಲೆ ಬರೆಯಬೇಕು. ಸುಮಾರು 200 ಇವೆ. ಹೆಚ್ಚಿನವು ಜರ್ಮನಿಯ ಮಾರ್ಕ್ಲಿನ್ ಕಂಪನಿಯ ಎಚ್‌ಒ, ಅಂದ್ರೆ 1:87 ಅಳತೆ (ನಿಜವಾದ ರೈಲಿನ 87ರಲ್ಲಿ ಒಂದು ಭಾಗ); ಉಳಿದವು ಬ್ರಿಟನ್ನಿನ ಹಾರ್ನ್‌ಬಿ ಕಂಪನಿಯ ಓಓ, 1:76. ಒಂದೊಂದನ್ನೂ ಮಗು ಥರ ಜೋಪಾನ ಮಾಡಿದ್ದರು.

ಕ್ಯಾಟಲಾಗ್ ನಂಬರ್ ಹಿಡಿದು ಪಟ್ಟಿ ಮಾಡಿದೆ. ಮಾರೋರು ಕೇಳೋ ಬೆಲೆ ಬಿಟ್ಟು, ಹರಾಜಲ್ಲಿ ನಿಜವಾಗಿ ಹೋದ ಬೆಲೆಯನ್ನೇ ಬರೆದುಕೊಂಡೆ. ಮೂಲ ಡಬ್ಬಿ ಇದ್ದರೆ ಜಾಸ್ತಿ, ಅದು ಗೊತ್ತಾಯ್ತು. ಆದರೆ ಕೆಲವು ಎಂಜಿನ್‌ಗಳಿಗೆ ದೊಡ್ಡಪ್ಪನೇ ಮತ್ತೆ ಬಣ್ಣ ಬಳಿದಿದ್ದಾರೆ (ನನಗಂತೂ ಅವೇ ಇಷ್ಟ), ಎರಡು ಹಳೇವುಗಳ ಸತುವಿನ ಎರಕ ಬಿರುಕು ಬಿಟ್ಟಿದೆ. ಒಬ್ಬ ವ್ಯಾಪಾರಿ ಎಲ್ಲಕ್ಕೂ ಸೇರಿಸಿ ಹೇಳಿದ ಮೊತ್ತ ನನ್ನ ಪಟ್ಟಿಯ ಮೂರನೇ ಒಂದು ಭಾಗ ಅಷ್ಟೇ.

ಪಾಲಿನ ಲೆಕ್ಕಕ್ಕೆ ಬಿಡಿಬಿಡಿಯಾಗಿ ಮಾರಿದರೆ ಬರೋ ಬೆಲೆ ಹಿಡಿಯಬೇಕಾ, ಒಟ್ಟಿಗೆ ಕೊಟ್ಟರೆ ಬರೋದಾ? ಬಣ್ಣ ಬಳಿದವಕ್ಕೆ ಎಷ್ಟು ಕಳೆಯಬೇಕು?